ಲಟ್ಟಣಿಗೆ ಹಿಡಿದವರ ಪಾಳಿ

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಮೂರನೆಯ ದಿನಕ್ಕೆ ಇಲ್ಲಿ ಪುಣೆಯ ಕನ್ನಡ ಮಹಿಳಾ ಮಂಡಳದ ಕಾರ್ಯದರ್ಶಿ ಫೋನ್ ಮಾಡಿ, "ನೀವು ಅವರ ಜೋಡಿ ಭಾಳ ದಿನ ಕೆಲಸ ಮಾಡೀರಿ. ಸ್ಮರಣ ಸಂಚಿಕೆ ತರಾಕ ಹತ್ತೇವಿ. ನಾಕು ಚಲೋ ಮಾತು ಬರದು ಕೊಡ್ರಿ" ಎಂದರು. ನಾಲ್ಕು ಮಾತು ಬರೆದು ಕೊಡುತ್ತೇನೆ ಎಂದು ಒಪ್ಪಿಕೊಂಡೆ. ಚಲೋ ಮಾತು ಎಂದು ಒಪ್ಪಿಕೊಂಡಿಲ್ಲ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಬದುಕಿದ್ದಾಗ ಇದ್ದ ಸಿಟ್ಟನ್ನು ಅವರು ಸತ್ತ ದಿನ ಎಲ್ಲಿ ಇಳಿಸಿ ಬರಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನ್ನದು ಏಳು ವರ್ಷದ ಸಿಟ್ಟು. ಹಾಲೆರೆದು ಸಾಕಿದ್ದೇನೆ. ಅವರ ಹೆಣದ ಮುಂದೆ ನಿಂತಾಗಲೂ ಅದು ಜಗ್ಗಲಿಲ್ಲ. ಬಂದವರೆಲ್ಲ ಪಾದ ಮುಟ್ಟಿ ಕೈ ಮುಗಿದರು. ನಾನು ಮುಗಿಯಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಅವರ ಚಷ್ಮಾ ಇತ್ತು. ಅದನ್ನು ನೋಡಿಕೊಂಡು ಹಡಪಸರದ ಬಸ್ಸು ಹಿಡಿದು ಮನೆಗೆ ಬಂದೆ.

ಅಕ್ಕೋರು ಯಾರೆಂದು ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಇವರೂ ಒಂದು ಕಾಲಕ್ಕೆ ಶಾಲೆಯಲ್ಲಿ ಕಲಿಸಿದವರೇ. ಗಂಡ ಸೈನ್ಯದಲ್ಲಿ ಸುಬೇದಾರರಾಗಿದ್ದು ತೀರಿಕೊಂಡಿದ್ದರು. ಆಮೇಲೆ ಪುಣೆಗೆ ಬಂದು, ಸೈನಿಕರ ಕ್ವಾರ್ಟರ್ಸಿನ ಸಭಾಗೃಹದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಒಂದು ಕ್ಲಾಸು ನಡೆಸುತ್ತಿದ್ದರು. ಅಲ್ಲಿ ಕಲಿಯುತ್ತಿದ್ದವರು ಗಂಡ ಹೆಂಡತಿ. ಕಲಿಯುತ್ತಿದ್ದುದು ಒಬ್ಬರ ಜೊತೆಗೊಬ್ಬರು ಮಾತಾಡುವುದನ್ನು. ಗಂಡ ರಜೆಯಲ್ಲಿದ್ದರೆ ಜೋಡಿಯಾಗಿ ಬರಬೇಕು, ಗಡಿಯಲ್ಲಿದ್ದರೆ ಹೆಂಡತಿ ಒಬ್ಬಳೇ ಬರಬೇಕು. ಮಾತಾಡಲಿಕ್ಕೂ ಕ್ಲಾಸು ಬೇಕೇ ಎಂದು ನಾನೂ ನಕ್ಕವಳೇ. ಹತ್ತು ತಿಂಗಳು ಹಿಮದಲ್ಲಿ ಕೂತು ಬಂದ ಗಂಡ, ಹತ್ತು ತಿಂಗಳು ಗ್ಯಾಸ್ ಸಿಲಿಂಡರು, ಶಾಲೆ, ದವಾಖಾನೆ ಎಂದು ಒಬ್ಬಳೇ ಓಡಾಡಿದ ಹೆಂಡತಿ, ಇವರಿಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತಾಗ ಏನಾಗುತ್ತದೆ ಎಂಬುದನ್ನು ಕಂಡ ಮೇಲೆ ನಗು ನಿಂತಿತು.

ಗಿಡ್ಡ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ. ಗಡಿಯಾರದ ಮುಖ ಮಣಿಕಟ್ಟಿನ ಒಳಮಗ್ಗುಲಿಗೆ. ಕ್ಲಾಸು ನಡೆಯುತ್ತಿದ್ದುದು ಹಿಂದಿಯಲ್ಲಿ, ನಡುನಡುವೆ ಮರಾಠಿ. ನನ್ನೊಡನೆ ಮಾತ್ರ ಅವರದು ಬೆಳಗಾವಿ ಕಡೆಯ ಗಟ್ಟಿ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಮೊದಲ ದಿನವೇ ಅವರು, "ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ ಅಂತಾರ. ನಿಮ್ಮ ಗಂಡ ಉಣ್ಣೂದು ಹಿಮದಾಗ, ನೀವು ಮಲಗೂದು ಪುಣಾದಾಗ. ನಿಮ್ಮ ಜಗಳ ಮುಗಿಯೂದು ಯಾವಾಗವಾ ತಂಗಿ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ್ದರು. ರಜೆಯ ಮೊದಲ ಮೂರು ದಿನ ದೂರಿನ ಗಂಟು ಬಿಚ್ಚಬಾರದು, ನಾಲ್ಕನೆಯ ದಿನದಿಂದ ಬಿಚ್ಚಬಹುದು, ಆದರೆ ಒಂದೊಂದೇ ತೆಗೆಯಬೇಕು ಎನ್ನುವುದು ಅವರ ಇನ್ನೊಂದು ಮಾತು. ನಿಜವಾಗಿಯೂ ಉಪಯೋಗಕ್ಕೆ ಬರುವ ಮಾತು. ಸಿಟ್ಟಿದೆಯೆಂದು ನಾನೇಕೆ ಸುಳ್ಳು ಬರೆಯಲಿ?

ಕ್ಲಾಸಿನ ಜೀವಾಳ ಒಂದು ಲಟ್ಟಣಿಗೆ. ಚಪಾತಿ ಲಟ್ಟಿಸುವ ಸಾಧಾರಣ ಕಟ್ಟಿಗೆಯ ಲಟ್ಟಣಿಗೆ, ಒಂದು ತುದಿ ಸ್ವಲ್ಪ ಸೀಳಿತ್ತು. ಗಂಡ ಹೆಂಡತಿ ಎದುರುಬದುರು ಕೂರಬೇಕು. ಲಟ್ಟಣಿಗೆ ಯಾರ ಕೈಯಲ್ಲಿದೆಯೋ ಅವರ ಪಾಳಿ, ಅವರೇ ಮಾತಾಡಬೇಕು. ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಸಮರ್ಥನೆ ಕೊಡುವಂತಿಲ್ಲ. ಕೇಳಿ ಮುಗಿದ ಮೇಲೆ ಕೇಳಿದ್ದನ್ನು ಇದ್ದ ಹಾಗೆ ತಿರುಗಿ ಹೇಳಬೇಕು. "ಹೇಳಿದ್ದಕ್ಕ ಒಗ್ಗರಣಿ ಹಾಕಬ್ಯಾಡ್ರಿ" ಎನ್ನುತ್ತಿದ್ದರು ಅಕ್ಕೋರು. ತಿರುಗಿ ಹೇಳಿದ್ದು ಸರಿಯಿದೆ ಎಂದು ಮಾತಾಡಿದವರು ಒಪ್ಪಿದ ಮೇಲೆಯೇ ಲಟ್ಟಣಿಗೆ ಕೈ ಬದಲಾಗುತ್ತಿತ್ತು. ಮೊದಲೆಲ್ಲ ಲಟ್ಟಣಿಗೆಯ ಬದಲು ಪೆನ್ನು ಕೊಡುತ್ತಿದ್ದರಂತೆ. ಗಂಡಸರು ಅಭ್ಯಾಸಬಲದಿಂದ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದು ಹೋಗಿಬಿಡುತ್ತಿದ್ದರು, ಹೆಂಡತಿಗೆ ಪಾಳಿಯೇ ಬರುತ್ತಿರಲಿಲ್ಲ. ಜೇಬಿಗೆ ಹೋಗದ ವಸ್ತು ಬೇಕು ಎಂದು ಮನೆಯಿಂದ ಲಟ್ಟಣಿಗೆ ತಂದರು.

ಸಾತಾರಾ ಕಡೆಯ ನಾಯಕ್ ದರ್ಜೆಯ ಒಬ್ಬ ಸೈನಿಕ, ಆರಡಿ ಆಳು, ಅದನ್ನು ಮುಟ್ಟಲಿಕ್ಕೇ ಒಲ್ಲೆ ಎಂದ. ಹೆಂಗಸರ ಸಾಮಾನು ಎಂದ. ಅಕ್ಕೋರು ಅವನ ಮುಂದೆ ಹೋಗಿ ನಿಂತರು. ಅವನು ಕೂತಿದ್ದ, ಇವರು ನಿಂತಿದ್ದರು, ಆದರೂ ತಲೆ ಸರಿಸಮ ಇತ್ತು. "ಬಂದೂಕ ಹಿಡದಾವ ಇದಕ್ಕ ಹೆದರತೀಯೇನಪಾ? ಇದರಾಗ ಗುಂಡಿಲ್ಲ. ಹಿಡಿ" ಎಂದರು. ಹಿಡಿದ. ಹಿಡಿದವನು ಹತ್ತು ನಿಮಿಷ ಏನೂ ಮಾತಾಡಲಿಲ್ಲ. ಅಕ್ಕೋರು ಯಾರಿಗೂ ಮಾತಾಡಗೊಡಲಿಲ್ಲ, ತಾವೂ ಆಡಲಿಲ್ಲ. ಆಮೇಲೆ ಅವನು ತನ್ನ ಜೊತೆಗಾರನೊಬ್ಬನ ಸಾವನ್ನು ಹೇಳಿದ. ಹೆಂಡತಿ ಅಳುತ್ತ ಅದನ್ನು ತಿರುಗಿ ಹೇಳಿದಳು. ಆ ದಿನ ನನಗೆ ಅಕ್ಕೋರ ಮೇಲೆ ದೇವರ ಮೇಲಿನಷ್ಟು ನಂಬಿಕೆ ಹುಟ್ಟಿತು. ಆ ನಂಬಿಕೆಯೇ ನನಗೆ ಮುಳುವಾಯಿತು.

ನಮ್ಮ ಯಜಮಾನರು ಆಗ ಹವಾಲ್ದಾರ್. ಎತ್ತರದ ಗಡಿಯ ಒಂದು ಪೋಸ್ಟಿನಲ್ಲಿದ್ದರು. ಪುಣೆಯ ಕ್ವಾರ್ಟರ್ಸಿನಲ್ಲಿ ನಾನು, ನಮ್ಮ ಮಗಳು, ನಮ್ಮ ಅತ್ತೆ. ಇವರಿದ್ದಲ್ಲಿ ಮೊಬೈಲು ಹಿಡಿಯುತ್ತಿರಲಿಲ್ಲ. ಪ್ರತಿ ರವಿವಾರ ಬೆಳಗ್ಗೆ ಪೋಸ್ಟಿನ ಫೋನಿನಿಂದ ಐದು ನಿಮಿಷ ಮಾತು. ಅದರಲ್ಲಿ ಮೂರು ನಿಮಿಷ ಅತ್ತೆಯದು. "ಸ್ವೆಟರ್ ಹಾಕ್ಕೊಂಡೀಯೇನೋ? ಒಳಗಿಂದೂ ಹಾಕ್ಕೊಂಡೀಯೋ ಬರೇ ಮ್ಯಾಲಿಂದೋ?" ಎಂದು ಅವರು ಒದರುತ್ತಿದ್ದ ರೀತಿಗೆ ಫೋನೇ ಬೇಕಿರಲಿಲ್ಲ, ಹಿಮಾಲಯಕ್ಕೆ ನೇರವಾಗಿಯೇ ಕೇಳುತ್ತಿತ್ತು.

ಆ ಫೋನಿಗೂ ಅಕ್ಕೋರದೊಂದು ನಿಯಮವಿತ್ತು. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು. ಅವನಿಗೆ ಅಲ್ಲಿಂದ ಏನೂ ಮಾಡಲಿಕ್ಕಾಗದು, ಕೈಯಲ್ಲಿ ಬಂದೂಕಿದೆ, ಕಾಲ ಕೆಳಗೆ ಹಿಮ, ಮನಸ್ಸು ಎತ್ತಲೋ ಹೋದರೆ ಹೆಜ್ಜೆ ಎತ್ತಲೋ ಬೀಳುತ್ತದೆ. ಎಲ್ಲ ಆರಾಮ ಎನ್ನಬೇಕು. ಸೋರುವ ನಲ್ಲಿ, ಮಗುವಿನ ಮಾರ್ಕ್ಸು, ಇಂಥವಕ್ಕೆಲ್ಲ ಆ ನಿಯಮ ಚೆನ್ನಾಗಿಯೇ ನಡೆಯಿತು.

ಆ ಚಳಿಗಾಲದಲ್ಲಿ ಅತ್ತೆಗೆ ನ್ಯುಮೋನಿಯಾ ಆಯಿತು. ಶುಕ್ರವಾರ ದವಾಖಾನೆಗೆ ಸೇರಿಸಿದೆ. ಡಾಕ್ಟರರು ವಯಸ್ಸು ನೋಡಿ ತಲೆ ಅಲ್ಲಾಡಿಸಿದರು. ಶನಿವಾರ ಕ್ಲಾಸಿಗೆ ಓಡಿದೆ. ಎಲ್ಲರೂ ಹೋದ ಮೇಲೆ ಅಕ್ಕೋರ ಮುಂದೆ ನಿಂತು, "ಅತ್ತಿ ಉಳಿಯೂದು ಕಷ್ಟ ಅಂತಾರ್ರೀ ಅಕ್ಕೋರ. ನಾಳೆ ಇವರ ಫೋನ್ ಬರ್ತದ. ಹೇಳ್ಲ್ಯೋ ಬ್ಯಾಡೋ?" ಎಂದು ಕೇಳಿದೆ.

ಅವರು ಚಷ್ಮಾ ತೆಗೆದು ಸೆರಗಿನಿಂದ ಒರೆಸತೊಡಗಿದರು. ಇದು ಅವರ ಅಭ್ಯಾಸ. ಚಷ್ಮಾ ಇಲ್ಲದಿದ್ದರೆ ಅವರಿಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ. ಕಠಿಣವಾದ ಮಾತು ಹೇಳುವಾಗೆಲ್ಲ ಅದನ್ನು ತೆಗೆಯುತ್ತಿದ್ದರು. ನಾನು ಅದನ್ನು ಬಹಳ ಆಮೇಲೆ ಗಮನಿಸಿದೆ.

"ಬ್ಯಾಡ" ಎಂದರು. "ಅಲ್ಲಿಂದ ಅವ ಇಳಿಯಬೇಕಂದ್ರ ಹವಾ ಕೂಡಿ ಬರಬೇಕು. ಇಳಿಯಾಕ ಆಗದ ಒದ್ದಾಡ್ತಾನ. ನಿಮ್ಮ ಅತ್ತಿ ಆರಾಮ ಆಗಿ ಮನಿಗೆ ಬಂದ ಮ್ಯಾಲ ಹೇಳಿದ್ರಾತು."

"ಆರಾಮ ಆಗದಿದ್ರ?"

"ಆಗ್ತಾರ. ಎಲ್ಲಾ ಆರಾಮ ಅದ ಅನ್ರಿ. ಈಗ ಅನ್ರಿ ನೋಡೂಣು."

ನಾನು ಅಂದೆ. ದನಿ ನಡುಗಿತು. "ಇನ್ನೊಮ್ಮೆ" ಎಂದರು. ಇನ್ನೊಮ್ಮೆ ಅಂದೆ. "ಕಡೀಕ ದನಿ ಇಳೀತು. ಅವಗ ಗೊತ್ತಾಗ್ತದ. ಉಸುರು ಹಿಡದು ಅನ್ರಿ." ಮೂರನೆಯ ಸಲಕ್ಕೆ ಪಾಸಾದೆ. ಬೆನ್ನು ತಟ್ಟಿ ಕಳಿಸಿದರು. ಇಷ್ಟನ್ನು ನನಗೆ ಕಲಿಸಿದ್ದು ಅವರು. ಏಳು ವರ್ಷದಲ್ಲಿ ಇದರ ಒಂದು ಅಕ್ಷರವೂ ನನಗೆ ಮರೆತಿಲ್ಲ.

ರವಿವಾರ ಬೆಳಗ್ಗೆ ದವಾಖಾನೆಯ ಮೊಗಸಾಲೆಯಲ್ಲಿ ನಿಂತು ಫೋನ್ ಎತ್ತಿದೆ. ಎಲ್ಲಾ ಆರಾಮ ಅದ ಎಂದೆ. "ಅವ್ವ ಎಲ್ಲಿ?" ಎಂದು ಕೇಳಿದರು. "ಗುಡಿಗೆ ಹೋಗ್ಯಾರ್ರೀ" ಎಂದೆ. ದನಿ ಎಲ್ಲಿಯೂ ಇಳಿಯಲಿಲ್ಲ. ಅವರು "ಚಲೋ ಆತು, ಇಡ್ತೀನಿ" ಎಂದರು. ಇನ್ನೂ ಎರಡು ನಿಮಿಷ ಉಳಿದಿತ್ತು.

ಮಂಗಳವಾರ ಅತ್ತೆ ಹೋದರು. ಸುದ್ದಿ ರೆಜಿಮೆಂಟಿನ ಮೂಲಕ ಮುಟ್ಟಿತು. ಹವೆ ಕೂಡಿ ಬಂದು ಇವರು ಇಳಿದು ಪುಣೆ ಮುಟ್ಟುವಷ್ಟರಲ್ಲಿ ಐದು ದಿನ. ಚಿತೆಗೆ ಬೆಂಕಿ ಕೊಟ್ಟವನು ಸೋಲಾಪುರದಿಂದ ಬಂದ ಇವರ ಚಿಕ್ಕಪ್ಪನ ಮಗ. ಬಾಗಿಲಲ್ಲಿ ಚೀಲ ಇಳಿಸಿ ಇವರು ಕೇಳಿದ್ದು ಒಂದೇ ಮಾತು: "ನಾ ಫೋನ್ ಮಾಡಿದಾಗ ನಿನಗ ಗೊತ್ತಿತ್ತೇನು?"

ಗೊತ್ತಿತ್ತು ಎಂದೆ. ಅಕ್ಕೋರು ಹೇಳಬ್ಯಾಡ ಅಂದಿದ್ದರು ಎಂದೆ.

ಊರಿನಲ್ಲಿ ಹದಿಮೂರನೆಯ ದಿನ ಮುಗಿಸಿ ಸ್ವಾರಗೇಟಿನಲ್ಲಿ ಬಸ್ಸಿಳಿದವರು ಮನೆಗೂ ಹೋಗದೆ ನನ್ನನ್ನು ನೇರ ಅಕ್ಕೋರ ಹತ್ತಿರ ಕರೆದುಕೊಂಡು ಹೋದರು. ಕೈಯಲ್ಲಿ ಚೀಲ, ಬೋಳಿಸಿದ ತಲೆ. "ಮೇಡಂ, ಈಕಿಗೆ ಹೇಳಬ್ಯಾಡ ಅಂತ ನೀವು ಹೇಳಿದ್ರೇನು?" ಎಂದು ಸಮಾಧಾನದಿಂದಲೇ ಕೇಳಿದರು. ನಾನು ಪಕ್ಕದಲ್ಲಿ ನಿಂತು ಅಕ್ಕೋರ ಬಾಯಿಯನ್ನೇ ನೋಡುತ್ತಿದ್ದೆ. ಒಂದು 'ಹೌದು' ಸಾಕಿತ್ತು ನನಗೆ. ತಪ್ಪು ನನ್ನದೂ ಇತ್ತು, ಅದನ್ನು ನಾನು ಹೊರುತ್ತಿದ್ದೆ. ಆದರೆ ಸುಳ್ಳುಗಾತಿಯಾಗುತ್ತಿರಲಿಲ್ಲ.

ಅಕ್ಕೋರು ಚಷ್ಮಾ ತೆಗೆದರು. "ನಾ ಹೇಳೂದು ಎಲ್ಲಾರಿಗೂ ಹೇಳೂ ಮಾತು, ಅಣ್ಣಾರ. ಮನೀ ನಿರ್ಧಾರ ಮನಿಯವರದು. ಹೆತ್ತವ್ವ ಸಾಯಾಕ ಹತ್ಯಾಳ ಅಂದ್ರ ಮುಚ್ಚಿಡು ಅಂತ ಯಾರರ ಹೇಳ್ತಾರೇನ್ರಿ?" ಎಂದರು. ಒರೆಸುತ್ತಲೇ ಇದ್ದರು.

ಹೊರಗೆ ಬಂದ ಮೇಲೆ ಇವರು ನನ್ನ ಕಡೆ ತಿರುಗಿ, "ಸುಳ್ಳೂ ಕಲಿತಿ" ಎಂದರು. ಮುಂದಿನ ಐದು ವರ್ಷ ನಮ್ಮ ನಡುವೆ ನಡೆದ ಮಾತು ಎಂದರೆ ಕೀಲಿ ಎಲ್ಲಿ, ಊಟ ಆತೇನು, ಬಿಲ್ ಕಟ್ಟಿದೆ, ಇಷ್ಟೇ. ಇವರು ಮನೆಯಲ್ಲಿದ್ದಾಗ ಮಗಳಿಗೆ ಜ್ವರ ಬಂದರೆ ನನ್ನನ್ನು ಕೇಳುತ್ತಿರಲಿಲ್ಲ, ತಾವೇ ಥರ್ಮಾಮೀಟರು ಇಟ್ಟು ನೋಡುತ್ತಿದ್ದರು. ನಾನು ಆರಾಮ ಅದಾಳ ಎಂದರೆ, "ನಿನ್ನ ಆರಾಮ ನನಗ ಗೊತ್ತದ" ಎನ್ನುತ್ತಿದ್ದರು. ಹೊಡೆದಿದ್ದರೆ ಗಾಯ ಎರಡು ದಿನಕ್ಕೆ ಮಾಯುತ್ತಿತ್ತು.

ಇನ್ನು ಅಕ್ಕೋರ ಮುಖ ನೋಡಬಾರದು ಎಂದುಕೊಂಡವಳು ಒಂದು ವರ್ಷದ ಮೇಲೆ ತಾನಾಗಿಯೇ ಕ್ಲಾಸಿಗೆ ಹೋಗತೊಡಗಿದೆ. ಕುರ್ಚಿ ಹಾಕುವುದು, ಚಹಾ ಮಾಡುವುದು, ಹೊಸದಾಗಿ ಬಂದ ನಮ್ಮ ಕಡೆಯ ಹುಡುಗಿಯರಿಗೆ ಹಿಂದಿಯನ್ನು ಕನ್ನಡ ಮಾಡಿ ಹೇಳುವುದು ನನ್ನ ಕೆಲಸ. ಕಾರ್ಯದರ್ಶಿಯವರು ಇದನ್ನೇ 'ಜೋಡಿ ಕೆಲಸ' ಎಂದದ್ದು. ನಾನು ಹೋಗುತ್ತಿದ್ದುದು ಸೇವೆಗಲ್ಲ. ಎಂದಾದರೊಂದು ದಿನ ಆ ಬಾಯಿಂದಲೇ, ಇವರ ಎದುರಿಗೇ, 'ನಾನೇ ಹೇಳಬ್ಯಾಡ ಅಂದೆ' ಎನ್ನಿಸಬೇಕು ಎಂದು ಕಾಯಲಿಕ್ಕೆ.

ಹೋದ ಮೊದಲ ದಿನವೇ ಒಂದು ಸಂಗತಿ ತಿಳಿಯಿತು. ನಿಯಮ ಬದಲಾಗಿತ್ತು. ಮನೆಯಲ್ಲಿ ಯಾರಾದರೂ ಸಾಯುವಷ್ಟು ಕಾಯಿಲೆಯಲ್ಲಿದ್ದರೆ ಗಂಡನಿಗೆ ಹೇಳಲೇಬೇಕು, ನೇರ ಹೇಳಲಾಗದಿದ್ದರೆ ಅವನ ಸಾಹೇಬರ ಮೂಲಕ ಹೇಳಿಸಬೇಕು ಎಂದು ಅಕ್ಕೋರು ಕಲಿಸುತ್ತಿದ್ದರು. ಅದಕ್ಕೊಂದು ಉದಾಹರಣೆಯನ್ನೂ ಕೊಟ್ಟರು. "ಒಬ್ಬಾಕಿ ಇದ್ದಳು. ಅತ್ತಿ ಸಾಯಾಕ ಬಿದ್ದಿದ್ರೂ ಗಂಡಗ ಗುಡಿಗೆ ಹೋಗ್ಯಾರ ಅಂದಳು. ಅಂಥ ಹುಚ್ಚುತನ ಮಾಡಬ್ಯಾಡ್ರಿ." ಆ ಒಬ್ಬಾಕಿ ಚಹಾದ ಟ್ರೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಕ್ಕೋರು ನನ್ನನ್ನು ನೋಡಿದರು. ಈ ಸಲ ಚಷ್ಮಾ ಕೂಡ ತೆಗೆಯಲಿಲ್ಲ. "ಚಹಾ ಕೊಡ್ರಿ ಎಲ್ಲಾರಿಗೂ" ಎಂದರು.

ಕೊಟ್ಟೆ. ಅವರಿಗೆ ಮಾತ್ರ ಆರಿದ ಚಹಾ ಕೊಟ್ಟೆ. ಕುದಿಯುವ ಚಹಾ ಎಂದರೆ ಅವರಿಗೆ ಪ್ರಾಣ, ಬಟ್ಟಲು ತುಟಿ ಸುಡಬೇಕು. ಅಂದಿನಿಂದ ನಾಲ್ಕು ವರ್ಷ ಆ ಹೆಂಗಸು ನನ್ನ ಕೈಯಿಂದ ಒಂದು ದಿನವೂ ಬಿಸಿ ಚಹಾ ಕುಡಿಯಲಿಲ್ಲ. ಅವರ ಬಟ್ಟಲನ್ನು ಮೊದಲೇ ತುಂಬಿ ಕಿಟಕಿಯಲ್ಲಿ ಆರಲಿಕ್ಕೆ ಇಡುತ್ತಿದ್ದೆ. ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ, ಮುಖ ಕಿವಿಚಲಿಲ್ಲ, ಪೂರ್ತಿ ಕುಡಿದು ಬಟ್ಟಲು ಕೆಳಗಿಡುತ್ತಿದ್ದರು. ಒಂದು ಸಲ ಬೈದಿದ್ದರೆ ನನ್ನ ಹೊಟ್ಟೆ ಅರ್ಧ ತಣ್ಣಗಾಗುತ್ತಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

"ಅವರಿಗೂ ಏನೋ ಅಂಜಿಕಿ ಇದ್ದೀತು. ಕೆಲಸ ಹೋದೀತು ಅಂತ, ಹೆಸರು ಕೆಟ್ಟೀತು ಅಂತ" ಎಂದು, ಮೊನ್ನೆ ನಾನು ಇದನ್ನೆಲ್ಲ ಹೇಳಿದ್ದಕ್ಕೆ ಕಾರ್ಯದರ್ಶಿ ಫೋನಿನಲ್ಲಿ ಸಮಾಧಾನ ಹೇಳಿದರು. ಇದ್ದೀತು. ಒಬ್ಬಂಟಿ ಹೆಂಗಸು, ಒಂದೇ ಕೋಣೆಯ ಮನೆ, ಆ ಕ್ಲಾಸು ಬಿಟ್ಟರೆ ಬೇರೆ ಏನೂ ಇರಲಿಲ್ಲ. ನಾನು ಹೆಚ್ಚು ವಿಚಾರಿಸಲಿಕ್ಕೆ ಹೋಗಿಲ್ಲ. ವಿಚಾರಿಸಿದರೆ ಕನಿಕರ ಹುಟ್ಟುತ್ತದೆ ಎಂದು ನನಗೇ ಭಯ.

ಎರಡು ವರ್ಷದ ಹಿಂದೆ ಅಕ್ಕೋರು ಕ್ಲಾಸಿನಿಂದ ನಿವೃತ್ತರಾದರು. ಸಭಾಗೃಹದಲ್ಲಿ ಬೀಳ್ಕೊಡುಗೆ. ಇವರು ಅಷ್ಟರಲ್ಲಿ ಸೈನ್ಯ ಬಿಟ್ಟು ಮಗರಪಟ್ಟಾದ ಒಂದು ಆಫೀಸಿನ ಕಾವಲುಗಾರರ ಮೇಲ್ವಿಚಾರಕರಾಗಿದ್ದರು. "ಅರ್ಧ ತಾಸು ಬರ್ರಿ. ಮತ್ತೇನೂ ಕೇಳೂದಿಲ್ಲ ನಿಮ್ಮನ್ನ" ಎಂದೆ. ಯಾಕೆ ಎಂದು ಕೇಳದೆ ಬಂದರು. ಹಿಂದಿನ ಸಾಲಿನಲ್ಲಿ ಕೂತರು.

ನೂರಿನ್ನೂರು ಜನ. ವೇದಿಕೆಯ ಮೇಲೆ ಒಬ್ಬ ದೊಡ್ಡ ಸಾಹೇಬರು, ಅವರ ಹೆಂಡತಿ, ನಡುವೆ ಅಕ್ಕೋರು. ಶಾಲು, ತೆಂಗಿನಕಾಯಿ, ಹಾರ ಎಲ್ಲ ಆಯಿತು. ಹಳೆಯ ಜೋಡಿಗಳು ಒಬ್ಬೊಬ್ಬರಾಗಿ ಎದ್ದು ಹೊಗಳಿದರು. ಸಾತಾರಾದ ಆ ಆರಡಿ ಆಳು ಅತ್ತೇಬಿಟ್ಟ. ಕೊನೆಗೆ, ಬಹಳ ದಿನ ಸೇವೆ ಮಾಡಿದವರು ಎಂದು ನನ್ನನ್ನು ಕರೆದರು. ಮೇಜಿನ ಮೇಲೆ ಪ್ರದರ್ಶನಕ್ಕೆ ಇಟ್ಟಿದ್ದ ಲಟ್ಟಣಿಗೆಯನ್ನು ಎತ್ತಿಕೊಂಡು ಮೈಕಿನ ಮುಂದೆ ನಿಂತೆ.

"ಅಕ್ಕೋರ, ಈಗ ಲಟ್ಟಣಿಗಿ ನನ್ನ ಕೈಯಾಗ ಅದ. ನೀವ ಕಲಿಸಿದಂಗ ನಾ ಮಾತಾಡ್ತೀನಿ, ನೀವು ಕೇಳ್ರಿ. ಆಮ್ಯಾಲ ತಿರುಗಿ ಹೇಳ್ರಿ" ಎಂದೆ. ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲೇ ಮಾತಾಡಿದೆ. ಶನಿವಾರ ಓಡಿ ಬಂದದ್ದು, ಕೇಳಿದ್ದು, ಅವರು ಬೇಡ ಅಂದದ್ದು, ಮೂರು ಸಲ ಹೇಳಿಸಿ ದನಿ ತಿದ್ದಿದ್ದು, ಆಮೇಲೆ ನನ್ನ ಗಂಡನ ಎದುರು ಇಲ್ಲ ಅಂದದ್ದು. ನಾನು ಅಳಲಿಲ್ಲ. ಅಳಬಾರದೆಂದು ಒಂದು ವಾರ ಮನೆಯಲ್ಲಿ ಅಭ್ಯಾಸ ಮಾಡಿದ್ದೆ. ಅದನ್ನು ಕಲಿಸಿದವರೂ ಅವರೇ ತಾನೆ?

ಅಕ್ಕೋರ ಕೈ ಚಷ್ಮಾದ ಕಡೆಗೆ ಹೋಯಿತು.

"ಚಷ್ಮಾ ಇರ್ಲಿ ಅಕ್ಕೋರ" ಎಂದೆ.

ಕೈ ಇಳಿಯಿತು. ಅವರು ಎದ್ದು ನಿಂತರು. "ನೀವು ಹೇಳಿದ್ದು ನಾ ಕೇಳಿದೆ. ನಾನು ನಿಮ್ಮ ಗಂಡಗ ಹೇಳಬ್ಯಾಡ ಅಂತ ಹೇಳಿದೆ ಅಂತ ನಿಮಗ ಅನಸ್ತದ" ಎಂದರು.

"ಒಗ್ಗರಣಿ ಬ್ಯಾಡ. ಅನಸ್ತದ ಅಂತ ನಾ ಹೇಳಲಿಲ್ಲ. ಹೇಳಿದಷ್ಟ ಹೇಳ್ರಿ."

ಅಕ್ಕೋರು ನನ್ನ ಮುಖವನ್ನೇ ನೋಡುತ್ತ ಒಂದೊಂದೇ ಮಾತು ಹೇಳಿದರು. "ನಾನು ಹೇಳಬ್ಯಾಡ ಅಂದೆ. ಮೂರು ಸಲ ಅನಿಸಿದೆ. ದನಿ ಇಳೀಬಾರದು ಅಂದೆ. ನಿಮ್ಮ ಗಂಡ ಬಂದು ಕೇಳಿದಾಗ ಇಲ್ಲ ಅಂದೆ." ನಿಂತರು. "ಸರಿ ಅದ?"

"ಸರಿ ಅದ" ಎಂದೆ. ಐದು ವರ್ಷ ಕಾದ ಮಾತು ಮೈಕಿನಲ್ಲಿ ಬಂದಿತ್ತು. ಹಿಂದಿನ ಸಾಲಿನಲ್ಲಿ ಇವರ ಮುಖ ಹುಡುಕಿದೆ.

ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಮೊದಲು ಸಾಹೇಬರ ಹೆಂಡತಿ, ಆಮೇಲೆ ಇಡೀ ಸಭೆ. ಸಾಹೇಬರು ಮೈಕು ತೆಗೆದುಕೊಂಡು, ಎಂಥ ಅದ್ಭುತವಾದ ಪ್ರಾತ್ಯಕ್ಷಿಕೆ, ಮೇಡಂ ಅವರ ಪದ್ಧತಿಯನ್ನು ಎಷ್ಟು ಮನ ಮುಟ್ಟುವಂತೆ ಅಭಿನಯಿಸಿ ತೋರಿಸಿದರು ಎಂದು ಕೊಂಡಾಡಿದರು. ಎಲ್ಲರೂ ಅದನ್ನು ನಾಟಕ ಎಂದುಕೊಂಡಿದ್ದರು. ಕ್ಲಾಸಿನಲ್ಲಿ ಅಕ್ಕೋರು ಇಂಥ ಕಥೆಗಳನ್ನು ಕಟ್ಟಿ ನಮ್ಮಿಂದ ಆಡಿಸಿ ತೋರಿಸುವುದಿತ್ತು. ಇದೂ ಅಂಥದ್ದೇ ಎಂದು ತಿಳಿದರು. ಅಕ್ಕೋರು ಸಭೆಗೆ ಕೈ ಮುಗಿದು ಕೂತರು. ಅಲ್ಲ, ಇದು ಖರೇ ನಡೆದದ್ದು ಎಂದು ನಾನು ಒದರಬೇಕಿತ್ತು. ಇಂಗು ತಿಂದ ಮಂಗನ ಹಾಗೆ ಕೆಳಗಿಳಿದೆ, ಲಟ್ಟಣಿಗೆ ಕೈಯಲ್ಲಿ ಹಾಗೆಯೇ ಉಳಿದಿತ್ತು.

ಅದನ್ನು ನಾನು ಹಿಂದಿರುಗಿಸಲಿಲ್ಲ. ವಾರದ ಮೇಲೆ ಅಕ್ಕೋರೇ ಫೋನ್ ಮಾಡಿದರು. "ನನ್ನ ಲಟ್ಟಣಿಗಿ ನಿಮ್ಮ ಹಂತ್ಯಾಕ ಉಳದದ."

"ಉಳದಿಲ್ರಿ. ನಾ ಇಟ್ಟುಕೊಂಡೀನಿ."

ಈಗ ಅಂದಾರು, ಈಗ ಅಂದಾರು ಎಂದು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. "ಇಟ್ಟುಕೋರಿ" ಎಂದರು. ಅಷ್ಟೇ. ತಪ್ಪಾಯಿತು ಎನ್ನುವ ಒಂದು ಮಾತನ್ನು, ತಿರುಗಿ ಹೇಳುವ ಮಾತಲ್ಲ, ತಮ್ಮದೇ ಮಾತನ್ನು, ಅವರು ಸಾಯುವ ತನಕ ನನಗೆ ಕೊಡಲಿಲ್ಲ. ನಾನು ಆ ಹೆಣಕ್ಕೆ ಕೈ ಮುಗಿಯದಿರಲು ಕಾರಣ ಅದು. ಬೇಕಾದರೆ ಸಂಚಿಕೆಯಲ್ಲಿ ಅಚ್ಚು ಹಾಕಿಕೊಳ್ಳಲಿ.

ಇನ್ನು ಆ ಬೀಳ್ಕೊಡುಗೆಯ ಸಂಜೆಯನ್ನು ಹೇಳಿ ಮುಗಿಸುತ್ತೇನೆ. ಹಡಪಸರದ ಗದ್ದಲದಲ್ಲಿ ಸ್ಕೂಟರು ತೆವಳುತ್ತಿತ್ತು. ಹಿಂದೆ ಕೂತು ಇವರ ಬೆನ್ನಿಗೆ ಕೇಳಿದೆ: "ಕೇಳಿದ್ರಲ್ಲಾ? ಅವರ ಬಾಯಿಲೇ ಬಂತಲ್ಲಾ?"

"ನೀ ಹೇಳಿದ್ದನ್ನ ಅವರು ತಿರುಗಿ ಹೇಳಿದ್ರು. ಅದು ಕ್ಲಾಸಿನ ಪಾಠ. ಅದರಿಂದ ಏನೂ ಸಿದ್ಧ ಆಗೂದಿಲ್ಲ" ಎಂದರು.

ಅವರ ಮಾತು ಸರಿಯೇ ಇತ್ತು. ನಾನು ಮಸೆದು ಮಸೆದು ಇಟ್ಟ ಆಯುಧಕ್ಕೆ ಅಲಗೇ ಇರಲಿಲ್ಲ. ಮನೆಗೆ ಬಂದೆವು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಅಡಿಗೆಮನೆಯ ಕಟ್ಟೆಯ ಮೇಲೆ ಲಟ್ಟಣಿಗೆ ಒಗೆದು, ಹಿಟ್ಟಿನ ಡಬ್ಬಿ ತೆಗೆದು ಕಲಸತೊಡಗಿದೆ. ಯಾರ ಮೇಲಿನ ಸಿಟ್ಟಿಗೂ ಚಪಾತಿ ತಪ್ಪುವುದಿಲ್ಲವಲ್ಲ.

ಹಿಂದೆ ಸ್ಟೂಲು ಎಳೆದ ಸಪ್ಪಳವಾಯಿತು. ತಿರುಗಿ ನೋಡಿದರೆ ಇವರು ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ. ರಜೆಗೆ ಬಂದಾಗ ಎರಡು ಸಲ ಕ್ಲಾಸಿಗೆ ಬಂದಿದ್ದರೂ ಅದನ್ನು ಹಿಡಿದು ಒಂದು ಮಾತೂ ಆಡದೆ ನನಗೆ ದಾಟಿಸಿದ್ದ ಮನುಷ್ಯ.

"ಕುಂಡ್ರು" ಎಂದರು. ಎದುರಿಗೆ ಅಕ್ಕಿಯ ಡಬ್ಬಿಯ ಮೇಲೆ ಕೂತೆ.

"ಆ ರವಿವಾರ ನೀ ಎಲ್ಲಾ ಆರಾಮ ಅದ ಅಂದಿ. ನೀ ಎಂದೂ ಹಂಗ ಮಾತಾಡಿದಾಕಿ ಅಲ್ಲ. ಆರಾಮ ಇದ್ರ ನೀ ನೂರು ತಕರಾರು ಹೇಳ್ತಿದ್ದಿ. ಪಾಠ ಒಪ್ಪಿಸಿದಂಗ ಇತ್ತು ಅದು. ಯಾರೋ ಕಲಿಸಿ ಕಳಿಸ್ಯಾರ ಅಂತ ನನಗ ಅವತ್ತ ತಿಳೀತು." ಲಟ್ಟಣಿಗೆಯ ಸೀಳಿನಲ್ಲಿ ಉಗುರು ಸಿಕ್ಕಿಸಿ ಅದನ್ನೇ ನೋಡುತ್ತಿದ್ದರು. "ಅವ್ವ ಗುಡಿಗೆ ಹೋಗ್ಯಾಳ ಅಂದಿ. ಹಿಂದ ಯಾರೋ ಸಿಸ್ಟರ್ ಸಿಸ್ಟರ್ ಅಂತ ಕೂಗಿದ್ರು. ದವಾಖಾನಿ ಅಂತ ಗೊತ್ತಾತು. ಇನ್ನೂ ಎರಡು ನಿಮಿಷ ಇತ್ತು. ಕೇಳಿದ್ರ ನೀ ಹೇಳ್ತಿದ್ದಿ. ಮುಂದ ಎರಡು ತಾಸಿಗೆ ನಮ್ಮ ಟೋಳಿ ಪೆಟ್ರೋಲಿಂಗಿಗೆ ಹೊಂಟಿತ್ತು. ಹುಡುಗೂರು ನನ್ನ ಮುಖಾ ನೋಡ್ತಿದ್ರು. ಅಂಜಿದೆ. ಕೇಳಲಿಲ್ಲ. ಫೋನ್ ಇಟ್ಟೆ."

ಉಸಿರು ತೆಗೆದುಕೊಂಡರು. "ಮೇಡಂ ಇಲ್ಲ ಅಂದಾಗ ಅವರು ಸುಳ್ಳು ಹೇಳ್ತಾರ ಅಂತ ನನಗ ಗೊತ್ತಿತ್ತು. ಆದ್ರ ನೀ ಸುಳ್ಳಿ ಆದ್ರ ನಾ ಪಾರಾಗ್ತಿದ್ದೆ. ಆತು. ತಿರುಗಿ ಹೇಳು."

ನಿಯಮ ನಿಯಮವೇ. ನಡುವೆ ಬಾಯಿ ಹಾಕುವಂತಿಲ್ಲ. ನಾನು ಒಗ್ಗರಣೆ ಹಾಕದೆ ತಿರುಗಿ ಹೇಳಿದೆ. "ನಾ ಕಲಿತು ಮಾತಾಡಾಕ ಹತ್ತೀನಿ ಅಂತ ನಿಮಗ ಗೊತ್ತಿತ್ತು. ಅತ್ತಿ ದವಾಖಾನ್ಯಾಗ ಅದಾರ ಅಂತ ಗೊತ್ತಿತ್ತು. ಅಂಜಿ ಕೇಳಲಿಲ್ಲ. ನಾ ಖರೇ ಹೇಳ್ತೀನಿ ಅಂತ ಗೊತ್ತಿದ್ದೂ ಐದು ವರ್ಷ ನನ್ನ ಸುಳ್ಳಿ ಮಾಡಿದ್ರಿ. ಸರಿ ಅದ?"

"ಸರಿ ಅದ" ಎಂದು ತಲೆ ಬಗ್ಗಿಸಿದರು. ಅತ್ತೆ ಹೋದ ಮೇಲೆ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗ ಕಣ್ಣೀರು ಲಟ್ಟಣಿಗೆಯ ಮೇಲೆ ಬೀಳುತ್ತಿತ್ತು.

ಕನಿಕರ ಹುಟ್ಟಲಿಲ್ಲ ಎನ್ನಲಾರೆ, ಹುಟ್ಟಿತು. ಆದರೆ ನಾಲ್ಕು ವರ್ಷ ಆರಿದ ಚಹಾ ಕುಡಿಸಬೇಕಾದ್ದು ಯಾರಿಗೆ ಎನ್ನುವುದೂ ಅದೇ ಹೊತ್ತಿಗೆ ತಿಳಿಯಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದೆ.

"ಇತ್ತ ಕೊಡ್ರಿ ಲಟ್ಟಣಿಗಿ" ಎಂದೆ. "ಈಗ ನನ್ನ ಪಾಳಿ."